ಮನೆಯಲ್ಲಿ ಮೊದಲನೆಯವಳು

ಜನವರಿ ೨೩, ಗುರುವಾರ

ಇವತ್ತೂ ತಡ. ನನ್ನ ತಪ್ಪೇನೂ ಇಲ್ಲ. ನಾನು ಟ್ರಕ್ಕಿನ ಗಾಜಿಗೆ ಹೆಪ್ಪುಗಟ್ಟಿದ್ದ ಹಿಮ ಕೆರೆದು, ಎಂಜಿನ್ ಬಿಸಿ ಮಾಡಿ, ಎರಡು ಬನ್ನಿನೊಳಗೆ ಮೊಟ್ಟೆ ಇಟ್ಟು ಕಾಗದದಲ್ಲಿ ಸುತ್ತಿಕೊಂಡು ಬಂದು ಕೂತರೂ ಅಕ್ಕನ ಮಗಳು ಶೇಲಿ ಇನ್ನೂ ಕನ್ನಡಿ ಮುಂದೆ ರೆಪ್ಪೆಗೆ ಕಪ್ಪು ಬಳಿದುಕೊಳ್ಳುತ್ತಿದ್ದಳು. ಹಾರನ್ ಹೊಡೆದೆ.

"ಬಂದೆ ಚಿಕ್ಕಿ! ಊರೋರನ್ನೆಲ್ಲ ಎಬ್ಬಿಸ್ಬೇಡ."

"ಊರೋರು ಎದ್ದು ಅರ್ಧ ಕೆಲಸ ಮುಗಿಸಿದಾರೆ. ಗಾಡಿ ಹತ್ತು."

ನಾನು ಕಾಲೇಜಿಗೆ ಸೇರಿದ್ದೇ ಇವಳ ಕಾಟಕ್ಕೆ. ಪ್ರೂಯಿಟ್‌ರ ಕಾಲುಚೀಲದ ಮಿಲ್ಲು ಬಾಗಿಲು ಹಾಕಿದಾಗ, ಕೆಲಸ ಕಳೆದುಕೊಂಡವರು ಒಂದು ವರ್ಷ ಏನಾದರೂ ಓದುವುದಾದರೆ ಫೀಸು ನಾವು ಕಟ್ಟುತ್ತೇವೆ ಎಂದು ಸರ್ಕಾರದವರು ಕಾಗದ ಕಳಿಸಿದ್ದರು. ನಲವತ್ತೇಳರ ಹೆಂಗಸಿಗೆ ಎಂಥ ಓದು ಎಂದು ಡ್ರಾಯರಿಗೆ ತುರುಕಿದ್ದೆ. ಶೇಲಿ ಹೊರಗೆ ತೆಗೆದಳು. ಅವಳಿಗೆ ನರ್ಸಿಂಗ್ ಓದುವ ಆಸೆ, ಒಬ್ಬಳೇ ಆ ಕಮ್ಯುನಿಟಿ ಕಾಲೇಜಿನ ಮೆಟ್ಟಿಲು ಹತ್ತಲು ಹೆದರಿಕೆ. "ನೀನೂ ಬಾ ಚಿಕ್ಕಿ, ನೀನಿಲ್ದಿದ್ರೆ ನಾನೂ ಹೋಗಲ್ಲ" ಎಂದು ಮೂರು ದಿನ ಅತ್ತಳು. ಹೋದೆ. ಇವಳಿಗೆ ಹತ್ತೊಂಬತ್ತು, ತರಗತಿಯಲ್ಲಿ ನನ್ನ ಪಕ್ಕವೇ ಕೂರುತ್ತಾಳೆ, ಚ್ಯೂಯಿಂಗ್ ಗಮ್ ಜಗಿಯುತ್ತಾಳೆ.

ಇವತ್ತು ಮಿಸ್ಟರ್ ಸೆಟ್ಜರ್ ತರಗತಿಗೆ ಬಂದಿದ್ದರು. ವಿದ್ಯಾರ್ಥಿವೇತನಗಳನ್ನೆಲ್ಲ ನೋಡಿಕೊಳ್ಳುವವರು ಅವರೇ. ಮಿಲ್ಲಿನ ಯಜಮಾನ ಪ್ರೂಯಿಟ್ ತೀರಿಕೊಂಡ ಮೇಲೆ ಹೆಂಡತಿ ಆತನ ಹೆಸರಿನಲ್ಲಿ ಒಂದು ವಿದ್ಯಾರ್ಥಿವೇತನ ಇಟ್ಟಿದ್ದಾರಂತೆ. ನರ್ಸಿಂಗಿಗೆ, ವರ್ಷಕ್ಕೆ ಒಬ್ಬರಿಗೇ, ಓದು ಮುಗಿಯುವವರೆಗೆ ಪೂರ್ತಿ ಖರ್ಚು. ಮನೆಯಲ್ಲಿ ಮೊದಲ ಸಲ ಕಾಲೇಜಿಗೆ ಬಂದವರಾಗಿರಬೇಕು, ತಮ್ಮ ಜೀವನದ ಬಗ್ಗೆ ಎರಡು ಪುಟ ಬರೆಯಬೇಕು. ಶೇಲಿ ಒಂದು ಅರ್ಜಿ ತಗೊಂಡಳು. ನಾನೂ ತಗೊಂಡೆ. ಸರ್ಕಾರದ ಹಣ ಮೇ ತಿಂಗಳಿಗೆ ಮುಗಿಯುತ್ತದೆ. ಆಮೇಲೆ ನನಗಿರುವುದು ಕೋಳಿ ಕೊಯ್ದು ಪ್ಯಾಕ್ ಮಾಡುವ ಕಾರ್ಖಾನೆ.

ಫೆಬ್ರವರಿ ೨, ಭಾನುವಾರ

ಚರ್ಚಿನಲ್ಲಿ ಇವತ್ತು ಸಾಕ್ಷಿ ಹೇಳುವ ಭಾನುವಾರ, ದೇವರು ತಮ್ಮನ್ನು ಹೇಗೆ ಕಾಪಾಡಿದ ಎಂದು ಒಬ್ಬೊಬ್ಬರೇ ಎದ್ದು ಹೇಳುವುದು. ಓಡೆಲ್ ಮತ್ತೆ ಎದ್ದ. ದೇವರು ತನ್ನನ್ನು ಕುಡಿತದಿಂದ ಹೇಗೆ ಎತ್ತಿದ ಎಂಬುದು ಅವನ ಸಾಕ್ಷಿ. ಹೋದ ವರ್ಷದ ಸಾಕ್ಷಿಯಲ್ಲಿ ಚರಂಡಿಯಲ್ಲಿ ಒಂದು ರಾತ್ರಿ ಬಿದ್ದಿದ್ದ. ಈ ವರ್ಷ ಅದು ಒಂದು ವಾರವಾಗಿದೆ. "ಲೋಕದಲ್ಲಿ ನನಗೆ ಯಾರೂ ಇರಲಿಲ್ಲ, ತುತ್ತು ಅನ್ನ ಕೊಡೋರಿರಲಿಲ್ಲ" ಎಂದು ಎದೆ ಬಡಿದುಕೊಂಡ. ಅವನಮ್ಮ ಮಿಸ್ ವೆಸ್ಟಾ ಮುಂದಿನ ಬೆಂಚಿನಲ್ಲೇ ಕೂತು ಎಲ್ಲರಿಗಿಂತ ಜೋರಾಗಿ ಆಮೆನ್ ಎಂದಳು. ಆ ಮುದುಕಿ ಅವನಿಗೆ ಒಂದು ಹೊತ್ತು ಊಟ ತಪ್ಪಿಸಿದ್ದು ಈ ಕಣಿವೆಯಲ್ಲಿ ಯಾರೂ ನೋಡಿಲ್ಲ.

ಮನೆಗೆ ಬರುತ್ತಾ ಶೇಲಿ ಕೇಳಿದಳು, "ಚಿಕ್ಕಿ, ಆ ಎರಡು ಪುಟ ಹೆಂಗೆ ಬರೀಲಿ? ಸುಮ್ನೆ ಕೂತ್ರೆ ಒಂದ್ ಸಾಲೂ ಬರ್ತಿಲ್ಲ."

"ಸಾಕ್ಷಿ ಹೇಳ್ದಂಗೆ ಬರಿ. ಮೊದಲು ಕತ್ತಲೆ ಹಾಕು, ದಪ್ಪಗೆ ಹಾಕು. ಆಮೇಲೆ ಬೆಳಕು ತಾ. ಕತ್ತಲೆ ತೆಳ್ಳಗಿದ್ರೆ ಬೆಳಕು ಯಾರಿಗೂ ಕಾಣಲ್ಲ."

"ಓಡೆಲ್‌ನಷ್ಟಾ?"

"ಓಡೆಲ್‌ನಷ್ಟು ಬೇಡ. ಚರಂಡಿ ಬಿಟ್ಟು ಬರಿ."

ಇಬ್ಬರೂ ಬಹಳ ನಕ್ಕೆವು. ಟ್ರಕ್ಕು ಪಕ್ಕಕ್ಕೆ ನಿಲ್ಲಿಸಬೇಕಾಯಿತು.

ಫೆಬ್ರವರಿ ೧೪, ಶುಕ್ರವಾರ

ನನ್ನ ಅರ್ಜಿ ವಾಪಸು ತಗೊಂಡೆ, ಎರಡು ಪುಟ ಇನ್ನೂ ಬರೆದು ಕೊಟ್ಟಿರಲಿಲ್ಲ. ಒಂದೇ ಮನೆಯಿಂದ ಇಬ್ಬರು ಒಂದೇ ಜಾಗಕ್ಕೆ ನಿಂತರೆ ಹೇಗೆ? ಅವಳೆದುರು ನಾನು ನಿಲ್ಲಲೇ? ಅವಳಮ್ಮ, ನನ್ನ ಅಕ್ಕ ಡಾನೆಟ್, ಮೂರು ವರ್ಷದ ಮಗುವನ್ನು ನನ್ನ ಸೋಫಾದ ಮೇಲೆ ಮಲಗಿಸಿ "ಭಾನುವಾರ ಬರ್ತೀನಿ" ಎಂದು ಫ್ಲೋರಿಡಾಗೆ ಹೋದವಳು. ಆ ಭಾನುವಾರ ಇನ್ನೂ ಬಂದಿಲ್ಲ. ಆವತ್ತಿನಿಂದ ನಾನು ಶೇಲಿಗೆ ಅಡ್ಡ ನಿಂತವಳಲ್ಲ.

ಮಿಸ್ಟರ್ ಸೆಟ್ಜರ್ ಕನ್ನಡಕ ಕೆಳಗಿಳಿಸಿ ನನ್ನನ್ನೇ ನೋಡಿದರು. "ಯೋಚನೆ ಮಾಡಿದೀರಾ ವರ್ಲೀನ್? ಅನಾಟಮಿಯಲ್ಲಿ ನಿಮ್ಮ ಅಂಕ ಚೆನ್ನಾಗಿದೆ."

"ಮಾಡಿದೀನಿ. ಕೊಡಿ."

ಶೇಲಿಗೆ ಹೇಳಿದಾಗ ಅಡುಗೆಮನೆಯಲ್ಲೇ ತಬ್ಬಿಕೊಂಡಳು. "ಇದನ್ನ ನಾನು ಸಾಯೋವರೆಗೂ ಮರೆಯಲ್ಲ ಚಿಕ್ಕಿ" ಎಂದಳು. ಬರೆದದ್ದನ್ನು ತೋರಿಸು ಎಂದರೆ ಮಾತ್ರ ತೋರಿಸಲಿಲ್ಲ. ನಾಚಿಕೆಯಾಗುತ್ತದಂತೆ. ಆಗಲಿ, ಹುಡುಗಿ ನನ್ನ ಬಗ್ಗೆ ಏನಾದರೂ ಒಳ್ಳೆಯ ಮಾತು ಬರೆದಿರಬೇಕು, ನನ್ನೆದುರು ಓದಲು ಸಂಕೋಚ ಎಂದುಕೊಂಡು ಸುಮ್ಮನಾದೆ.

ಮಾರ್ಚ್ ೨೭, ಗುರುವಾರ

ಸಿಕ್ಕಿತು! ನಮ್ಮ ಶೇಲಿಗೇ ಸಿಕ್ಕಿತು! ಕಾಲೇಜಿನ ಪಾರ್ಕಿಂಗಿನಲ್ಲಿ ಇಬ್ಬರೂ ಕೂಗಾಡಿ ನೋಡುವವರಿಗೆ ತಮಾಷೆಯಾದೆವು. ಹಣ ಕೊಟ್ಟವರ ಜೊತೆ ಏಪ್ರಿಲ್‌ನಲ್ಲಿ ಔತಣವಂತೆ. ಗೆದ್ದವರು ಒಬ್ಬರನ್ನು ಜೊತೆಗೆ ಕರೆತರಬಹುದು. "ನೀನಲ್ದೆ ಇನ್ಯಾರು" ಎಂದಳು. ಕೋಳಿ ಸಾರು ಮಾಡಿ ಹಿಟ್ಟಿನ ಉಂಡೆ ಬಿಟ್ಟೆ, ಅವಳಿಗೆ ಇಷ್ಟವೆಂದು. ನೀಲಿ ಉಡುಪಿಗೆ ಗುಂಡಿ ಹೊಲಿಯಬೇಕು.

ಏಪ್ರಿಲ್ ೧೦, ಗುರುವಾರ

ಇವತ್ತೇ ಬರೆಯುತ್ತೇನೆ. ಬರೆಯದಿದ್ದರೆ ಯಾರ ಮೇಲಾದರೂ ಕೂಗಾಡಿಬಿಡುತ್ತೇನೆ.

ಔತಣ ಮಧ್ಯಾಹ್ನ ಕಾಲೇಜಿನ ಲೈಬ್ರರಿ ಹಾಲಿನಲ್ಲಿ. ಬಿಳಿ ಬಟ್ಟೆ ಹಾಸಿದ ದುಂಡು ಮೇಜು, ಸಿಹಿ ಟೀ, ಬೇಯಿಸಿದ ಬೀನ್ಸು, ಒಣಕಲು ಕೋಳಿ ತುಂಡು. ಕೂತ ಗಳಿಗೆಯಿಂದ ಶೇಲಿ ಸರಿಯಾಗಿ ಮಾತಾಡಲಿಲ್ಲ. ಗಾಬರಿ ಇರಬೇಕೆಂದು ನಾನೇ ಅವಳ ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಟ್ಟೆ. ಅಷ್ಟರಲ್ಲಿ ಮಿಸೆಸ್ ಪ್ರೂಯಿಟ್ ನಮ್ಮ ಮೇಜಿಗೆ ಬಂದರು. ಅವರ ಗಂಡನ ಮಿಲ್ಲಿನಲ್ಲಿ ಹತ್ತೊಂಬತ್ತು ವರ್ಷ ಕಾಲುಚೀಲದ ಬೆರಳ ತುದಿ ಹೊಲಿದವಳು ನಾನು. ಕ್ರಿಸ್ಮಸ್ಸಿಗೆ ಆಕೆ ಬಂದು ಎಲ್ಲರಿಗೂ ಒಂದೊಂದು ಹಂದಿ ತೊಡೆಯ ಹ್ಯಾಮ್ ಹಂಚುತ್ತಿದ್ದರು. ನನ್ನ ಗುರುತು ಹತ್ತಲಿಲ್ಲ. ಅದಕ್ಕೆ ಬೇಸರವಿಲ್ಲ, ಸಾಲಿನಲ್ಲಿ ನಿಂತ ಇನ್ನೂರು ಮುಖಗಳಲ್ಲಿ ನನ್ನದೊಂದು.

ಶೇಲಿಯ ಎರಡೂ ಕೈ ಹಿಡಿದುಕೊಂಡು, ನನ್ನ ಕಡೆ ತಿರುಗಿ, "ಇವರು ಯಾರಮ್ಮಾ?" ಎಂದರು.

ಶೇಲಿ ನನ್ನ ಕಡೆ ನೋಡಲಿಲ್ಲ. "ಇವರು ವರ್ಲೀನ್. ನನ್ನ ಕ್ಲಾಸ್‌ಮೇಟು. ಟ್ರಕ್ ಇದೆ ಅಂತ ಕರ್ಕೊಂಡು ಬಂದ್ರು" ಎಂದಳು.

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ನಗಲು ಬಾಯಿ ತೆರೆದಿದ್ದೆ ಕೂಡ. ಅವಳ ಕುತ್ತಿಗೆ ಕೆಂಪಾಗಿತ್ತು. ನಗು ಅಲ್ಲೇ ನಿಂತಿತು.

ಆಮೇಲೆ ಮಿಸೆಸ್ ಪ್ರೂಯಿಟ್ ಮೈಕಿನ ಮುಂದೆ ನಿಂತು ಅವಳು ಬರೆದದ್ದನ್ನು ಓದಿದರು. "ತಾಯಿ ಬಿಟ್ಟುಹೋದಳು. ಅಂದಿನಿಂದ ನನ್ನನ್ನು ನಾನೇ ಬೆಳೆಸಿಕೊಂಡೆ. ಶಾಲೆಯಿಂದ ಬಂದರೆ ಬಾಗಿಲು ತೆರೆಯುವವರಿರಲಿಲ್ಲ." ನಿಜ, ಇರಲಿಲ್ಲ, ನಾನು ಮಿಲ್ಲಿನಲ್ಲಿದ್ದೆ. "ತಣ್ಣಗಿನ ಊಟ ಒಬ್ಬಳೇ ಮಾಡಿದೆ." ಅದೂ ನಿಜವೇ ಇರಬಹುದು, ಬಿಸಿ ಮಾಡಿಕೋ ಎಂದು ಚೀಟಿ ಬರೆದಿಟ್ಟರೂ ಮಾಡಿಕೊಳ್ಳುತ್ತಿರಲಿಲ್ಲ. "ಜ್ವರ ಬಂದರೆ ಹಣೆ ಮುಟ್ಟಿ ನೋಡುವವರಿರಲಿಲ್ಲ." ಇಲ್ಲಿಗೆ ನನ್ನ ಮೈ ಉರಿದುಹೋಯಿತು. ಕಿವಿ ನೋವು ಬಂದಾಗ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಬೆಳಗಾಗುವ ತನಕ ಓಡಾಡಿದವಳು ಯಾರು? ದೆವ್ವವೇ? "ಕತ್ತಲೆ ರಸ್ತೆಯಲ್ಲಿ ಒಬ್ಬಳೇ ನಡೆದು ಕಾಲೇಜಿಗೆ ಬಂದೆ. ನಮ್ಮ ಮನೆಯಲ್ಲಿ ಕಾಲೇಜಿನ ಬಾಗಿಲು ದಾಟಿದ ಮೊದಲನೆಯವಳು ನಾನು. ನನ್ನ ಹಿಂದೆ ಯಾರೂ ಇಲ್ಲ, ನನ್ನ ಮುಂದೆ ದೇವರು ಮಾತ್ರ."

ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ಎದ್ದು ನಿಂತೆ. ಎಲ್ಲರೂ ನಿಂತಾಗ ಕೂತಿರುವುದು ಹೇಗೆ?

ಹೊರಡುವಾಗ ಮಿಸೆಸ್ ಪ್ರೂಯಿಟ್ ನನ್ನ ತೋಳು ಹಿಡಿದರು. "ನೀವು ದೊಡ್ಡವರು, ಅದೇ ಕ್ಲಾಸಲ್ಲಿದೀರಿ. ಆ ಮಗು ಮೇಲೆ ಒಂದು ಕಣ್ಣಿಟ್ಟಿರಿ. ಪಾಪ, ತನ್ನೋರು ಅಂತ ಯಾರೂ ಇಲ್ಲ."

ಒಂದು ಮಾತು ಸಾಕಿತ್ತು. ಆಡಿದ್ದರೆ ಆ ಹಣ ಅಲ್ಲೇ ಹೋಗುತ್ತಿತ್ತು. "ಇಟ್ಟಿರ್ತೀನಿ ಮೇಡಂ" ಎಂದೆ.

ಟ್ರಕ್ಕಿನಲ್ಲಿ ಮೊದಲು ಬಾಯಿಬಿಟ್ಟವಳು ಅವಳು. "ನೀನೇ ಹೇಳಿದ್ದಲ್ಲ, ಸಾಕ್ಷಿ ಹೇಳ್ದಂಗೆ ಬರಿ ಅಂತ."

"ಕತ್ತಲೆ ಹಾಕು ಅಂದೆ. ನನ್ನನ್ನ ಅಳಿಸಿಹಾಕು ಅಂದ್ನಾ?"

"ಓಡೆಲ್ ಹೇಳಲ್ವಾ ಹಂಗೇ? ಅವರಮ್ಮ ಮುಂದೇನೇ ಕೂತು ಆಮೆನ್ ಅನ್ನಲ್ವಾ?"

"ಅಂತಾಳೆ. ಅವಳು ಓಡೆಲ್‌ನ ಅಮ್ಮ ಅಂತ ಅಲ್ಲಿರೋ ನೊಣಕ್ಕೂ ಗೊತ್ತು. ಇಲ್ಲಿ ನಾನು ಯಾರು ಅಂತ ಯಾರಿಗ್ ಗೊತ್ತಿತ್ತು, ಶೇಲಿ? ಗೊತ್ತಿದ್ದೋಳು ನೀನೊಬ್ಬಳು. ನೀನು ನನ್ನನ್ನ ಟ್ರಕ್ಕಿನ ಡ್ರೈವರ್ ಮಾಡಿದೆ."

"ನೀನೂ ಕಾಲೇಜಿಗೆ ಬರ್ತೀಯ ಅಂತ ಬರೆದಿದ್ರೆ ನಾನು ಮೊದಲನೆಯವಳು ಹೆಂಗಾಗ್ತಿದ್ದೆ? ಆ ಸಾಲಿಲ್ದಿದ್ರೆ ಕೊಡ್ತಿರ್ಲಿಲ್ಲ ಅವರು."

ಇಬ್ಬರೂ ಒಂದೇ ದಿನ ಆ ಬಾಗಿಲು ದಾಟಿದೆವು. ಬಾಗಿಲು ತಳ್ಳಿ ಹಿಡಿದುಕೊಂಡವಳು ನಾನು, ಹಾಗಾಗಿ ಮೊದಲು ಒಳಗೆ ಹೋದವಳು ಅವಳೇ. ಲೆಕ್ಕ ಸರಿಯಾಗಿಯೇ ಇದೆ. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದಲ್ಲದೆ ಇನ್ನೇನು?

ಏಪ್ರಿಲ್ ೧೧, ಶುಕ್ರವಾರ

ನೀಲಿ ಉಡುಪು ಒಗೆದು ಪೆಟ್ಟಿಗೆಗೆ ಹಾಕಿದೆ. ಅವಳು ತನ್ನ ಕೋಣೆಯಲ್ಲೇ ಊಟ ಮಾಡಿದಳು.

ಏಪ್ರಿಲ್ ೨೦, ಈಸ್ಟರ್ ಭಾನುವಾರ

ಅವಳು ಬರೆದದ್ದು ಈ ವಾರದ ಊರ ಪತ್ರಿಕೆಯಲ್ಲಿ ಫೋಟೋ ಸಮೇತ ಬಂದಿದೆ. ಚರ್ಚಿಗೆ ಹೋಗಲು ಮುಖವಿರಲಿಲ್ಲ, ಆದರೂ ಹೋದೆ. ಎಲ್ಲರೂ ನನ್ನನ್ನು ಅಯ್ಯೋ ಪಾಪ ಎನ್ನುತ್ತಾರೆ, ಕಡೇಪಕ್ಷ ಶೇಲಿಗೆ ಯಾರಾದರೂ ಒಂದು ಮಾತು ಬೈಯುತ್ತಾರೆ ಎಂದುಕೊಂಡಿದ್ದೆ. ಒಬ್ಬರೂ ಇಲ್ಲ. ಹೆಂಗಸರು ಅವಳ ಕೆನ್ನೆ ಹಿಂಡಿ "ಎಂಥ ಸಾಕ್ಷಿ ಬರೆದಿದೀಯೇ ಹುಡುಗಿ" ಎಂದು ಕೊಂಡಾಡಿದರು. ನನ್ನ ಕಡೆ ತಿರುಗಿ "ನಿನಗೆಷ್ಟು ಹೆಮ್ಮೆಯೋ" ಎಂದರು. ಅವರಿಗೆ ಅದರಲ್ಲಿ ತಪ್ಪೇ ಕಾಣಲಿಲ್ಲ.

ಮಿಸ್ ವೆಸ್ಟಾ ಮಾತ್ರ ನನ್ನ ಮುಖ ನೋಡಿ ಪಕ್ಕಕ್ಕೆ ಕರೆದಳು. "ಬೇಜಾರಾ?"

"ಆಗದೆ ಇರುತ್ತಾ ಮಿಸ್ ವೆಸ್ಟಾ?"

"ಮಕ್ಕಳು ಸಾಕ್ಷಿ ಹೇಳ್ವಾಗ ತಾಯಂದಿರು ಸಾಯ್ಲೇಬೇಕು ಕಣೇ. ಓಡೆಲ್ ಬಾಯಲ್ಲಿ ನಾನು ಎಷ್ಟು ಸಲ ಸತ್ತಿದೀನೋ. ಆಮೇಲೆ ಮನೆಗ್ ಹೋಗಿ ಅವನಿಗೇ ಊಟಕ್ಕಿಕ್ತೀನಿ."

"ಓಡೆಲ್ ನಿಮ್ಮನ್ನ ಬೇರೆಯೋರ ಮುಂದೆ ಯಾರೋ ಅಂದಿದಾನಾ?"

"ಇಲ್ಲ. ಹಂಗೆ ಅಂದಿಲ್ಲ" ಎಂದಳು. ನನ್ನ ಕೈ ತಟ್ಟಿ ಹೋದಳು. ಇಡೀ ಚರ್ಚಿನಲ್ಲಿ ನನಗಾದದ್ದು ಅರ್ಥವಾದವಳು ಅವಳೊಬ್ಬಳು. ಅವಳಿಂದಲೂ ಏನೂ ಮಾಡಲಾಗದು.

ಮನೆಯಲ್ಲಿ ಶೇಲಿ ಹ್ಯಾಮ್ ಕೊಯ್ದಳು, ಪಾತ್ರೆ ತೊಳೆದಳು. ನಾನು ಕಾಲಿನ ಮೂಳೆಗಳ ಪಾಠ ಓದುತ್ತಾ ಕೂತೆ. ಗುರುವಾರ ಪರೀಕ್ಷೆ.

ಏಪ್ರಿಲ್ ೨೫, ಶುಕ್ರವಾರ

ನಿನ್ನೆಯ ಪರೀಕ್ಷೆಯಲ್ಲಿ ನನ್ನದೇ ಹೆಚ್ಚು. ಮೇಷ್ಟ್ರು ಎಲ್ಲರೆದುರು ಹೇಳಿದರು. ಹಿಂದಿನ ಬೆಂಚಿನ ಇಬ್ಬರು ಹುಡುಗಿಯರು ಬಂದು ಸೊಂಟದ ಮೂಳೆ ಹೇಳಿಕೊಡಿ ಎಂದರು. ನನ್ನ ಮೈಯನ್ನೇ ಮುಟ್ಟಿ ತೋರಿಸಿದೆ, ಅವರಿಗೆ ನಗು. ಒಂದು ಗಂಟೆ ಹೋದದ್ದೇ ತಿಳಿಯಲಿಲ್ಲ. ಆಮೇಲೆ ನೋಡಿದರೆ ಶೇಲಿ ಟ್ರಕ್ಕಿನ ಪಕ್ಕ ಚಳಿಯಲ್ಲಿ ನಿಂತಿದ್ದಾಳೆ.

"ಒಂದ್ ಗಂಟೆಯಿಂದ ಕಾಯ್ತಿದೀನಿ ಚಿಕ್ಕಿ."

"ಹೌದಾ" ಎಂದೆ.

ಬೆಳಿಗ್ಗೆ ಒಂದೇ ಬನ್ನು ಮಾಡಿಕೊಂಡಿದ್ದೆ. ಬೇಕೆಂದು ಮಾಡಿದ್ದಲ್ಲ, ನೆನಪಿರಲಿಲ್ಲ. ಹಾರನ್ ಹೊಡೆಯುವುದನ್ನೂ ಬಿಟ್ಟಿದ್ದೇನೆ. ಹೊತ್ತಾದರೆ ಹೊರಡುತ್ತೇನೆ. ಈಗೀಗ ಅವಳೇ ಮೊದಲು ಬಂದು ಕೂತಿರುತ್ತಾಳೆ. ಟ್ರಕ್ಕಿಗೆ ಯಾರೋ ಪೆಟ್ರೋಲ್ ತುಂಬಿಸಿದ್ದಾರೆ. ಅವಳೇ ಇರಬೇಕು.

ಏಪ್ರಿಲ್ ೨೯, ಮಂಗಳವಾರ

ಮಿಸ್ಟರ್ ಸೆಟ್ಜರ್ ಕರೆಸಿದರು. ಬಾಗಿಲು ಹಾಕಿಕೊಂಡು ಕೂತರು. ಎಲ್ಲ ಹೊರಗೆ ಬಿತ್ತು ಎಂದುಕೊಂಡೆ.

"ಮಿಸೆಸ್ ಪ್ರೂಯಿಟ್‌ಗೆ ನಿಮ್ಮ ನೆನಪಿದೆ" ಎಂದರು. "ಆ ಹುಡುಗೀನ ಗಾಡೀಲಿ ಕರ್ಕೊಂಡು ಬಂದ ಹೆಂಗಸು ಯಾರು, ಏನು ಓದ್ತಾರೆ ಅಂತ ಕೇಳಿದ್ರು. ವಯಸ್ಸಾದ ಮೇಲೆ ಓದೋಕೆ ಬಂದೋರಿಗೆ ಅಂತ ಅವರೇ ಇನ್ನೊಂದು ಶುರು ಮಾಡ್ತಿದಾರೆ. ನೀವು ಹಾಕಿ. ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಮುಚ್ಚುತ್ತೆ."

"ಏನ್ ಬರೀಬೇಕು?"

"ನಿಮ್ಮ ಮನೆ ಬಗ್ಗೆ. ಮನೇಲಿ ಯಾರ್ಯಾರಿದಾರೆ, ಇಲ್ಲೀವರೆಗೆ ಹೆಂಗೆ ಬಂದ್ರಿ, ಅಷ್ಟೇ. ಅವರೇ ಓದ್ತಾರೆ."

ಮಿಸ್ಟರ್ ಸೆಟ್ಜರ್‌ಗೆ ಶೇಲಿ ನನಗೇನು ಎಂದು ಗೊತ್ತಿಲ್ಲ. ಅಕ್ಕ ಮದುವೆಯಾಗಿದ್ದವನ ಮನೆಹೆಸರು ಅವಳದು, ನನ್ನದು ಬೇರೆ. ಫೆಬ್ರವರಿಯಲ್ಲಿ ಕೇಳಿದ್ದರೆ ಹೇಳುತ್ತಿದ್ದೆ. ಅವರು ಕೇಳಲಿಲ್ಲ.

ನನ್ನ ಮನೆ ಎಂದರೆ ಹದಿನಾರು ವರ್ಷದಿಂದ ಶೇಲಿಯೇ. ಅವಳನ್ನು ಬರೆದರೆ ಮಿಸೆಸ್ ಪ್ರೂಯಿಟ್ ಓದುತ್ತಾರೆ, ಶೇಲಿಯ ಓದು ಅಲ್ಲಿಗೆ ಮುಗಿಯುತ್ತದೆ. ಬರೆಯದಿದ್ದರೆ ಜೂನ್‌ನಿಂದ ಕೋಳಿ ಕಾರ್ಖಾನೆ. ಇಡೀ ಸಂಜೆ ಕೂತೆ. ಮನಸ್ಸಿಗೆ ಬಂದದ್ದೆಲ್ಲ ಅವಳೇ. ಅವಳ ಮೊದಲ ಹಲ್ಲು ಬಿದ್ದದ್ದು, ಅವಳ ಶಾಲೆಯ ಬ್ಯಾಂಡಿನ ಡ್ರೆಸ್ಸಿಗೆ ನಾನು ಎರಡು ಪಾಳಿ ದುಡಿದದ್ದು. ಒಂದೊಂದೇ ಹೊಡೆದುಹಾಕಿದೆ. ಹೊಡೆದುಹಾಕಿದ ಮೇಲೆ ಉಳಿದದ್ದು ಮಿಲ್ಲು ಮತ್ತು ನಾನು. ಅಷ್ಟರಲ್ಲೂ ಎರಡು ಪುಟ ತುಂಬಿತು. ನನಗೇ ಆಶ್ಚರ್ಯ.

ಮೇ ೨, ಶುಕ್ರವಾರ

ಕಂಪ್ಯೂಟರಿನಲ್ಲಿ ಅರ್ಜಿ ತುಂಬುವುದು ನನಗೆ ಬರುವುದಿಲ್ಲ. ಶೇಲಿಯನ್ನೇ ಕೇಳಬೇಕಾಯಿತು. ಎಷ್ಟೋ ದಿನದ ಮೇಲೆ ನಾನಾಗಿ ಏನೋ ಕೇಳಿದೆನೆಂದು ಅವಳಿಗೆ ಖುಷಿ. ಕಾಫಿ ಮಾಡಿ ತಂದಳು, ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ನನ್ನ ಕಾಗದ ಪಕ್ಕಕ್ಕಿಟ್ಟುಕೊಂಡು ಟೈಪ್ ಮಾಡಲು ಕೂತಳು. ಹನ್ನೊಂದು ಗಂಟೆ ದಾಟಿತ್ತು.

"ನಾನು ಒಂಟಿ ಹೆಂಗಸು. ನನಗೆ ಮಕ್ಕಳಿಲ್ಲ" ಎನ್ನುವ ಸಾಲಿಗೆ ಅವಳ ಬೆರಳು ನಿಂತಿತು. ಮತ್ತೆ ಟೈಪ್ ಮಾಡಿದಳು. ಮಿಲ್ಲಿನಿಂದ ಬಂದರೆ ಮನೆಯಲ್ಲಿ ಮಾತಾಡಿಸುವವರಿರಲಿಲ್ಲ ಎಂದು ಬರೆದಿದ್ದೆ. ಅದನ್ನೂ ಮಾಡಿದಳು. ಕೊನೆಯವರೆಗೂ ಮಾಡಿ, ಕಾಗದದ ಹಿಂಬದಿ ತಿರುಗಿಸಿ ನೋಡಿದಳು.

"ಇದರಲ್ಲಿ ನಾನೆಲ್ಲಿ, ಚಿಕ್ಕಿ?"

"ಇಲ್ಲ."

"ಒಂದ್ ಸಾಲೂ ಇಲ್ವಾ?"

"ಇದ್ರೆ ಆಯಮ್ಮ ಓದ್ತಾರೆ. ಓದಿದ್ರೆ ನಿನ್ನ ಹಣ ಹೋಗುತ್ತೆ. ನೀನು ಸಿಕ್ಕಿಬೀಳ್ಬಾರದು ಅಂತ್ಲೇ ಹಂಗೆ ಬರೆದಿರೋದು."

"ಸೇಡು ತೀರಿಸ್ಕೊಳ್ತಿದೀಯ."

"ಇಲ್ಲ ಕಣೇ."

ಸೇಡಿನ ಮಾತು ನನಗೆ ಹೊಳೆದೂ ಇರಲಿಲ್ಲ. ಅವಳು ನಂಬಲಿಲ್ಲ. ಮೂಗು ಕೆಂಪಾಯಿತು, ಮೂರು ವರ್ಷದವಳಿದ್ದಾಗ ಆಗುತ್ತಿದ್ದಂತೆ ಕೆಳತುಟಿ ನಡುಗಿತು.

"ಸಿಕ್ಕಿಬಿದ್ರೆ ಬೀಳ್ತೀನಿ. ಹೋದ್ರೆ ಹೋಗ್ಲಿ ಹಣ. ನನ್ನ ಹೆಸರು ಹಾಕು. ನಾನೇ ಹೋಗಿ ಆಯಮ್ಮಂಗೆ ಹೇಳ್ತೀನಿ, ಇವಳು ನಮ್ಮ ಚಿಕ್ಕಿ, ನನ್ನ ಸಾಕಿದೋಳು ಅಂತ. ಇವತ್ತೇ ಹೇಳ್ತೀನಿ."

ಈ ಮಾತನ್ನು ಅವಳು ಆ ಔತಣದ ಮೇಜಿನಲ್ಲಿ ಆಡಿದ್ದರೆ ನಾನು ಅಲ್ಲೇ ಅವಳನ್ನು ತಬ್ಬಿಕೊಂಡು ಅಳುತ್ತಿದ್ದೆ. ಹಣವೂ ಬೇಡ ಏನೂ ಬೇಡ ಎಂದು ಮನೆಗೆ ಕರೆತರುತ್ತಿದ್ದೆ. ಈಗ ಗಡಿಯಾರ ನೋಡಿದೆ. ಹನ್ನೆರಡಕ್ಕೆ ಹತ್ತು ನಿಮಿಷವಿತ್ತು.

"ನೀನು ಹೇಳಿದ್ರೆ ನಿನ್ನದೊಂದೇ ಹೋಗಲ್ಲ, ಶೇಲಿ. ಆವತ್ತು ಸುಮ್ನಿದ್ದೋಳು ನಾನು. ನನ್ನದೂ ಹೋಗುತ್ತೆ. ನನಗೆ ಓದ್ಬೇಕು."

ಅವಳು ನನ್ನನ್ನೇ ನೋಡಿದಳು. ಗುರುತು ಸಿಗದವರನ್ನು ನೋಡಿದ ಹಾಗೆ ನೋಡಿದಳು.

"ಕಳಿಸು" ಎಂದೆ.

ಕಳಿಸಿದಳು. ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳುವುದು ಇಲ್ಲಿಗೂ ಕೇಳುತ್ತಿದೆ. ಅವಳಿಗೆ ಒಳ್ಳೆಯದಾಗಲೆಂದೇ ಮಾಡಿದ್ದು, ಅದಕ್ಕೆ ಇಷ್ಟು ಅಳುವುದೇಕೋ ನನಗೆ ತಿಳಿಯದು. ಹೋಗಿ ಊಟಕ್ಕೆ ಕರೆಯಬೇಕು. ಸೋಮವಾರ ಕೈ ಮೂಳೆಗಳ ಪರೀಕ್ಷೆ ಇದೆ, ಮಣಿಕಟ್ಟಿನವು ಇನ್ನೂ ಎರಡು ಬಾಯಿಗೆ ಬರುತ್ತಿಲ್ಲ. ಅಷ್ಟು ಮುಗಿಸಿ ಕರೆಯುತ್ತೇನೆ.